ಡಿಪಿಎಫ್ ತೊಳೆದು ಕೊಡ್ತೀವಿ ಅಂತ ಮನೆಗೆ ಬಂದವರ ಕೈಗೆ ಗಾಡಿ ಕೊಡಬೇಡಿ

ಬಿಎಸ್ 6, ಅಂದರೆ ಹೊಸ ಹೊಗೆ ನಿಯಮದ ಡೀಸೆಲ್ ಕಾರು ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ಡಿಪಿಎಫ್ ಅಂದರೆ ಅದರ ಹೊಗೆ ಫಿಲ್ಟರ್. ಬಳ್ಳಾರಿಯಲ್ಲಿ ನಮ್ಮ ಅಣ್ಣನ ಕಾರಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಅಣ್ಣನ ಓಡಾಟವೆಲ್ಲ ಊರೊಳಗೇ. ಗಾಂಧಿನಗರದಿಂದ ಎಪಿಎಂಸಿ, ಅಲ್ಲಿಂದ ಕೌಲ್ ಬಜಾರ್, ಮತ್ತೆ ಮನೆ. ಇಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಗಾಡಿ ಬಂದ್. ಡಿಪಿಎಫ್‌ಗೆ ಆಗದ್ದೇ ಇದು. ಹೊಗೆಯ ಮಸಿಯನ್ನು ಹಿಡಿದಿಡುವ ಈ ಫಿಲ್ಟರ್, ಒಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಏರಿದಾಗ ಆ ಮಸಿಯನ್ನು ಸುಟ್ಟು ಹಾಕುತ್ತದೆ. ಅದಕ್ಕೆ ಗಾಡಿ ಸ್ವಲ್ಪ ಹೊತ್ತು ಒಂದೇ ಸಮನೆ ಓಡಬೇಕು. ನಡುವೆ ನಿಲ್ಲಿಸಿದರೆ ಮಸಿ ಅಲ್ಲೇ ಉಳಿಯುತ್ತದೆ. ಮಸಿ ಸುಡಲೆಂದು ಇಂಜಿನ್ ತಾನೇ ಸುರಿದುಕೊಂಡ ಹೆಚ್ಚುವರಿ ಡೀಸೆಲ್ ಇಂಜಿನ್ ಆಯಿಲ್‌ಗೂ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದರೆ ಸುಮ್ನೆ ಬಿಡಬೇಡಿ.

ಕೊನೆಗೆ ಡ್ಯಾಶ್‌ಬೋರ್ಡ್‌ನಲ್ಲಿ ಡಿಪಿಎಫ್ ಲೈಟ್ ಬಂತು, ಪಿಕಪ್ ಬಿತ್ತು. ಪರಿಚಯದವರು ಒಬ್ಬ ಮೇಸ್ತ್ರಿಯನ್ನು ಕಳಿಸಿದರು. "ಶೋರೂಮಿನವರು ಸುಮ್ನೆ ದುಡ್ಡು ಕೀಳ್ತಾರ್ರಿ, ಇಲ್ಲೇ ತೊಳೆದು ಕೊಡ್ತೀನಿ" ಅಂದ. ಫಿಲ್ಟರ್ ಬಿಚ್ಚಿ, ಟಾಯ್ಲೆಟ್ ತೊಳೆಯುವ ಆಸಿಡ್ ತುಂಬಿ ನೆನೆಸಿದ. ಆಮೇಲೆ ವಾಟರ್ ಸರ್ವಿಸ್ ಗನ್ ಹಿಡಿದ. ಕಪ್ಪು ನೀರು ಅಂಗಳವೆಲ್ಲ ಹರಿದು ಚರಂಡಿ ಸೇರಿತು. ಮಕ್ಕಳು ಅಲ್ಲೇ ಆಡುತ್ತಿದ್ದರು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ. ಆ ಮಸಿ ನಮ್ಮ ಉಸಿರಿಗೆ ಬರದಿರಲಿ ಅಂತಲೇ ಅಲ್ವಾ ಫಿಲ್ಟರ್ ಇಟ್ಟಿರುವುದು? ಅದನ್ನು ನಮ್ಮ ಮನೆ ಮುಂದೆಯೇ ಸುರಿದು ಹೋದ.

ಒಣಗಲೂ ಬಿಡದೆ ಫಿಲ್ಟರ್ ಕೂರಿಸಿ, ಸ್ಕ್ಯಾನರ್‌ನಲ್ಲಿ ಲೈಟ್ ಅಳಿಸಿದ. ಗಾಡಿ ಚೆನ್ನಾಗೇ ಓಡಿತು. ಆಮೇಲೆ ಅತ್ತಿಗೆ, ಮಕ್ಕಳ ಜೊತೆ ಹೊಸಪೇಟೆಗೆ ಹೊರಟಾಗ, ತೋರಣಗಲ್ಲಿನ ಹತ್ತಿರ ಅದಿರು ಲಾರಿಯನ್ನು ದಾಟುವಾಗಲೇ ಶಕ್ತಿ ಹೋಯಿತು. ಆಕ್ಸಿಲರೇಟರ್ ಒತ್ತಿದರೂ ಗಾಡಿ ಏಳಲಿಲ್ಲ. ಎದುರಿನಿಂದ ಏನೂ ಬರದಿದ್ದದ್ದು ನಮ್ಮ ಪುಣ್ಯ.

ಬೇರೆ ವರ್ಕ್‌ಶಾಪಿನಲ್ಲಿ ಮೊದಲು ಸೈಲೆನ್ಸರ್ ತುದಿಯೊಳಗೆ ಬೆರಳಾಡಿಸಿ ನೋಡಿದರು. ಬೆರಳು ಕಪ್ಪಾಯಿತು. ಫಿಲ್ಟರ್ ಸರಿ ಇದ್ದರೆ ಅಲ್ಲಿ ಮಸಿ ಕೂರುವುದಿಲ್ಲ. ಒಳಗಿನ ಸೆರಾಮಿಕ್ ಬಿರುಕು ಬಿಟ್ಟಿತ್ತು. ಅದು ಜೇನುಗೂಡಿನಂಥ ರಚನೆ. ಪ್ರತಿ ಕಿಂಡಿ ಒಂದು ಕಡೆ ಮುಚ್ಚಿರುತ್ತದೆ, ಹೊಗೆ ಗೋಡೆಯ ಸಣ್ಣ ರಂಧ್ರಗಳಿಂದಲೇ ದಾಟಬೇಕು. ಜೋರು ನೀರು ಆ ಗೋಡೆಯನ್ನು ಒಡೆಯಬಹುದು. ಆಸಿಡ್ ಆ ಗೋಡೆಯ ಮೇಲಿನ, ಮಸಿ ಸುಡಲು ನೆರವಾಗುವ ಪ್ಲಾಟಿನಂ ಲೇಪವನ್ನು ಕೆಡಿಸಬಹುದು. ಒದ್ದೆ ಇರುವಾಗಲೇ ಬಿಸಿ ತಗುಲಿದರೆ ಸೆರಾಮಿಕ್ ಸೀಳಬಹುದು. ತೊಳೆಸುವ ಖರ್ಚಿಗಿಂತ ಹೊಸದರ ಬೆಲೆ ಎಷ್ಟೋ ಜಾಸ್ತಿ.

ಈಗ "ಒಳಗಿನದನ್ನು ಕಿತ್ತು ಖಾಲಿ ಡಬ್ಬಿ ಹಾಕಿಕೊಡ್ತೀವಿ" ಅನ್ನುವವರೂ ಬರುತ್ತಿದ್ದಾರೆ. ಅದಂತೂ ಬೇಡವೇ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟಂತೆ ಇರುವ ಗಾಡಿಯನ್ನು ಹೀಗೆ ಬದಲಿಸುವಂತಿಲ್ಲ.

ಲೈಟ್ ಮೊದಲ ಸಲ ಬಂದಾಗಲೇ ಕೈಪಿಡಿ ನೋಡಿ, ಅದು ಹೇಳಿದ ವೇಗದಲ್ಲಿ ಹೈವೇ ಮೇಲೆ ಓಡಿಸಿ. ಬಹಳ ಸಲ ಅಷ್ಟೇ ಸಾಕು. ಲೈಟ್ ಮಿನುಗುತ್ತಿದ್ದರೆ ಅಥವಾ ಇಂಜಿನ್ ಲೈಟೂ ಬಂದರೆ ವರ್ಕ್‌ಶಾಪಿಗೇ ಹೋಗಿ. ಆಯಿಲ್ ಕೂಡ ಕೈಪಿಡಿಯಲ್ಲಿ ಬರೆದ ಕಡಿಮೆ ಬೂದಿಯದ್ದೇ ಇರಲಿ, ಯಾಕೆಂದರೆ ಮಸಿ ಸುಟ್ಟುಹೋಗುತ್ತದೆ, ಆಯಿಲ್‌ನಿಂದ ಬಂದ ಬೂದಿ ಉಳಿಯುತ್ತದೆ. ಬೂದಿ ತುಂಬಿದ್ದರೆ ಓವನ್‌ನಲ್ಲಿ ಕಾಯಿಸಿ, ಹಿಂದಿನಿಂದ ಗಾಳಿ ಊದಿ ತೆಗೆಯುವ ಯಂತ್ರ ಇರುವ ಕಡೆಗೇ ಕೊಡಿ. ಮಾಡುವ ಮೊದಲು, ಮಾಡಿದ ಮೇಲೆ ಫಿಲ್ಟರ್‌ನ ತೂಕ ಎಷ್ಟಿತ್ತು ಅಂತ ಬರೆಸಿಕೊಳ್ಳಿ. ಬರೆದು ಕೊಡದವರಿಂದ ಗಾಡಿ ವಾಪಸ್ ತನ್ನಿ.