ಆರ್36ಎಸ್, ಎರಡು ಮಳೆಗಾಲದ ನಂತರ: ತಕರಾರೆಲ್ಲ ಒಂದು ಫೈಲಿನ ಮೇಲೆ

ಆರ್36ಎಸ್ ಎಂದರೆ ಹಳೆಯ ವಿಡಿಯೋ ಗೇಮುಗಳನ್ನು ಆಡುವ, ಲಿನಕ್ಸ್ ಮೇಲೆ ಓಡುವ ಪುಟ್ಟ ಕೈಯಂತ್ರ. ಕೊಂಡವರು ಡಬ್ಬಿ ಬಿಚ್ಚಿದ ದಿನವೇ ಒಂದು ಕೆಲಸ ಮುಗಿಸಿ. ಪವರ್ ಆಫ್ ಮಾಡಿ, ಟಿಎಫ್1 ಕಿಂಡಿಯಲ್ಲಿ ಆಪರೇಟಿಂಗ್ ಸಿಸ್ಟಮ್ ಇರುವ ಮೆಮೊರಿ ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿ, ಅದರ ಬೂಟ್ ಪಾರ್ಟಿಷನ್ನಿನಲ್ಲಿ (ಯಂತ್ರ ಶುರುವಾಗಲು ಬೇಕಾದ ಭಾಗದಲ್ಲಿ) ಇರುವ ಎಲ್ಲ ಫೈಲುಗಳನ್ನೂ ಕಾಪಿ ಮಾಡಿ ಜೋಪಾನವಾಗಿಡಿ. ಜೊತೆಗೆ ಬರುವ ಹೆಸರಿಲ್ಲದ ಕಾರ್ಡು ಯಾವಾಗ ಕೈಕೊಡುತ್ತದೋ ಹೇಳಲಾಗದು. ಅದು ಸತ್ತ ಮೇಲೆ ಈ ಫೈಲುಗಳು ಎಲ್ಲಿ ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ.

ತಯಾರಕರು ಕಂತಿನಿಂದ ಕಂತಿಗೆ ಪರದೆ ಬದಲಿಸುತ್ತಾರೆ, ಡಬ್ಬಿಯ ಮೇಲೆ ಮಾತ್ರ ಅದೇ ಹೆಸರು. ಮನೆಯ ಪಿಸಿಗೆ ಮಾನಿಟರ್ ಸಿಕ್ಕಿಸಿದರೆ ಅದು ತಾನು ಯಾರೆಂದು ತಾನೇ ಹೇಳಿಕೊಳ್ಳುತ್ತದೆ. ಈ ಪರದೆಗೆ ಆ ಬಾಯಿಲ್ಲ. ಅದನ್ನು ಎಬ್ಬಿಸುವ ಆದೇಶಗಳೆಲ್ಲ ಡಿವೈಸ್ ಟ್ರೀ ಫೈಲಿನಲ್ಲಿ, ಅಂದರೆ ಹೆಸರಿನ ಕೊನೆಗೆ ಡಿಟಿಬಿ ಎಂದಿರುವ ಫೈಲಿನಲ್ಲಿ ಇರುತ್ತವೆ. ತಪ್ಪು ಡಿಟಿಬಿ ಇದ್ದರೆ ಲಿನಕ್ಸ್ ಒಳಗೆ ಸರಿಯಾಗಿಯೇ ಓಡುತ್ತಿರುತ್ತದೆ, ಕೆಲವೊಮ್ಮೆ ಮೆನುವಿನ ಸದ್ದೂ ಕೇಳುತ್ತದೆ, ಪರದೆ ಮಾತ್ರ ಕಪ್ಪು. ಇದನ್ನು ಡಬ್ಬಿಯಲ್ಲಿ ಒಂದು ಸಾಲು ಬರೆದು ತಿಳಿಸದ ಮಾರಾಟಗಾರರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಆರ್ಕ್‌ಓಎಸ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮನ್ನು ಹೊಸ ಕಾರ್ಡಿಗೆ ಹಾಕುವ ಕ್ರಮ ಹೀಗೆ. ಹೆಸರಾಂತ ಕಂಪನಿಯ 32 ಜಿಬಿ ಕಾರ್ಡು ಸಾಕು. ಈ ಮಾದರಿಯದೇ ಇಮೇಜನ್ನು (ಇಡೀ ಸಿಸ್ಟಮ್ಮಿನ ಅಚ್ಚು ಫೈಲನ್ನು) ಕಾರ್ಡಿಗೆ ಇಳಿಸುವ ತಂತ್ರಾಂಶ ಎಚರ್‌ನಲ್ಲಿ ಬರೆಯಿರಿ. ಬರೆದು ಮುಗಿದೊಡನೆ ವಿಂಡೋಸ್ 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳುತ್ತದೆ. ಲಿನಕ್ಸ್ ಪಾರ್ಟಿಷನ್ ಅದಕ್ಕೆ ಓದಲು ಬಾರದ್ದರಿಂದ ಈ ಪ್ರಶ್ನೆ. ಕ್ಯಾನ್ಸಲ್ ಒತ್ತಿ, ಹೂಂ ಅಂದರೆ ಮತ್ತೆ ಮೊದಲಿನಿಂದ. ಆಮೇಲೆ ಹೊಸ ಕಾರ್ಡಿನ ಬೂಟ್ ಪಾರ್ಟಿಷನ್ನಿನಲ್ಲಿರುವ ಬೂಟ್.ಐಎನ್‌ಐ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಯಾವ ಡಿಟಿಬಿಯ ಹೆಸರಿದೆ ನೋಡಿ. ನಿಮ್ಮ ಹಳೆಯ ಡಿಟಿಬಿಯನ್ನು ಅಕ್ಷರಶಃ ಅದೇ ಹೆಸರಿನಲ್ಲಿ ಅಲ್ಲಿ ಇಡಿ. ಮೊದಲ ಸಲ ಆನ್ ಮಾಡಿದಾಗ ಅದು ಪಾರ್ಟಿಷನ್ ಹಿಗ್ಗಿಸಿಕೊಂಡು ತಾನೇ ರೀಸ್ಟಾರ್ಟ್ ಆಗುತ್ತದೆ, ಅಷ್ಟು ಹೊತ್ತು ಗುಂಡಿ ಮುಟ್ಟಬೇಡಿ. ರಾಕ್‌ನಿಕ್ಸ್ ಎಂಬ ಇನ್ನೊಂದು ಸಿಸ್ಟಮ್ ಹಾಕುವವರಿಗೆ ಈ ದಾರಿ ಆಗದು. ಅದರ ಕರ್ನಲ್ (ಲಿನಕ್ಸಿನ ತಿರುಳು) ಹೊಸದು, ಹಳೆಯ ಡಿಟಿಬಿ ಅದಕ್ಕೆ ನೇರವಾಗಿ ಹೊಂದುವುದಿಲ್ಲ.

ಇಷ್ಟು ಒದ್ದಾಡಿದ ಮೇಲೆ ಯಂತ್ರ ನಿಜಕ್ಕೂ ಮನಸ್ಸಿಗೆ ಹತ್ತಿರವಾಗುತ್ತದೆ. ಕುಮಟಾದಿಂದ ಶಿರಸಿಗೆ ಹೋಗುವ ಬಸ್ಸು ದೇವಿಮನೆ ಘಾಟಿ ಹತ್ತುವಾಗ ಮೊಬೈಲ್ ಸಿಗ್ನಲ್ ಬಂದೂ ಬಾರದ ಹಾಗೆ. ಇದಕ್ಕೆ ಆ ಹಂಗಿಲ್ಲ. ತಿರುವಿನಲ್ಲಿ ಕಂಬಿ ಹಿಡಿಯಬೇಕಾದರೆ ಪವರ್ ಗುಂಡಿ ಒಮ್ಮೆ ಮೆಲ್ಲಗೆ ಒತ್ತಿ ಜೇಬಿಗೆ ಇಳಿಸುವುದು, ಸೀಟು ಸಿಕ್ಕಾಗ ಮತ್ತೊಮ್ಮೆ ಒತ್ತುವುದು. ಆಟ ನಿಂತಲ್ಲಿಂದಲೇ ಏಳುತ್ತದೆ. ಒಟಿಜಿ ಎಂಬ ಯುಎಸ್‌ಬಿ ಕಿಂಡಿಗೆ ವೈಫೈ ಡಾಂಗಲ್ ಚುಚ್ಚಿ, ರಿಮೋಟ್ ಸರ್ವಿಸಸ್ ಆನ್ ಮಾಡಿ, ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ದಾರಿ) ಮೂಲಕ ಒಳಹೊಕ್ಕರೆ ಸಾಕ್ಷಾತ್ ಉಬುಂಟು ಲಿನಕ್ಸ್. ಅಂಗೈಯಗಲದ ಡಬ್ಬಿಯಲ್ಲಿ ನಾಲ್ಕು ಕೋರ್, 1 ಜಿಬಿ ರ‍್ಯಾಮ್, ಕೈಯಾರೆ ತಿದ್ದಬಹುದಾದ ಪೂರ್ತಿ ಲಿನಕ್ಸ್. ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ಕರಾವಳಿಯವರಿಗೆ ಇನ್ನೊಂದು ಮಾತು. ಕಾರವಾರದ ಉಪ್ಪುಗಾಳಿಗೆ ಕಾರ್ಡಿನ ಹಿತ್ತಾಳೆ ಬಣ್ಣದ ಹಲ್ಲುಗಳ ಮೇಲೆ ಮಂಕು ಪದರ ಕೂರುತ್ತದೆ, ಆಗ ಬೂಟ್ ಲೋಗೋದಲ್ಲೇ ನಿಂತುಬಿಡುತ್ತದೆ. ಕಾರ್ಡು ಕೆಟ್ಟಿತೆಂದು ಎಸೆಯುವ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಎರಡು ಮೂರು ಸಲ ಕಿಂಡಿಗೆ ಹಾಕಿ ತೆಗೆಯಿರಿ. ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಘಟ್ಟದ ಮೇಲಿನವರು ಥಂಡಿ ಅಂತ ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡಿ, ಲಿಥಿಯಂ ಬ್ಯಾಟರಿ ಆ ಕಾವು ತಡೆಯದು.

ಚಾರ್ಜಿಗೆ ಯುಎಸ್‌ಬಿ ಎ-ಯಿಂದ-ಸಿ ಕೇಬಲ್ ಮತ್ತು ಸಾದಾ 5 ವೋಲ್ಟ್ ಚಾರ್ಜರ್ ಬಳಸಿ. ಎರಡೂ ತುದಿ ಸಿ ಇರುವ ಕೇಬಲ್ ಹಾಕಿದರೆ ನನ್ನ ಯಂತ್ರ ಚಾರ್ಜೇ ಆಗುವುದಿಲ್ಲ.