ಎರಡು ಐಎಂಜಿ_2417: ಕ್ಯಾನನ್ 1500ಡಿ ಜೊತೆ ಆರು ವರ್ಷ

2019ರ ಶುರುವಿನಲ್ಲಿ ಕೊಂಡ ಕ್ಯಾನನ್ ಇಒಎಸ್ 1500ಡಿ ಇನ್ನೂ ಗಟ್ಟಿಮುಟ್ಟಾಗಿದೆ. ಅದರ 24 ಮೆಗಾಪಿಕ್ಸೆಲ್, ಕಿಟ್ ಲೆನ್ಸ್, ಬ್ಯಾಟರಿ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯುತ್ತಿರುವುದು ಅಂಗಡಿಯಲ್ಲಿ ಯಾರೂ ಹೇಳದ, ಎರಡು-ಮೂರು ವರ್ಷ ಬಳಸಿದ ಮೇಲೆ ತಲೆಗೆ ಹೊಳೆಯುವ ವಿಷಯದ ಬಗ್ಗೆ. ತೆಗೆದ ಫೋಟೋಗೆ ಕ್ಯಾಮೆರಾ ಇಡುವ ಹೆಸರು.

2019ರ ಮೇ ತಿಂಗಳಲ್ಲಿ ಅಕ್ಕನ ಮಗಳ ನಾಮಕರಣ ಇತ್ತು. ಸುಮಾರು ಇನ್ನೂರು ಫೋಟೋ ತೆಗೆದು, ಹಾರ್ಡ್ ಡಿಸ್ಕಿನಲ್ಲಿ 'ಕ್ಯಾಮೆರಾ' ಅಂತ ಒಂದೇ ಫೋಲ್ಡರ್ ಮಾಡಿ ಅದರೊಳಗೆ ಸುರಿದೆ. ಆಮೇಲೆ ತೆಗೆದದ್ದೆಲ್ಲ ಅದಕ್ಕೇ. ಮೂರು ವರ್ಷದ ನಂತರ ಅಕ್ಕ ಹುಟ್ಟುಹಬ್ಬಕ್ಕೆ ಆಲ್ಬಂ ಮಾಡಿಸೋಣ ಅಂತ ಬಂದಳು. ಪಕ್ಕ ಕೂತು ಒಂದೊಂದಾಗಿ ನೋಡುತ್ತಿದ್ದೆವು. ಶಾಸ್ತ್ರ ಆಯಿತು, ಅತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಿದ್ದಾಯಿತು, ಇನ್ನು ತೊಟ್ಟಿಲು ಬರಬೇಕು. ಐಎಂಜಿ_2417 ತೆರೆದರೆ ಹುಣಸೆ ಮರದ ಮೇಲೆ ಬಣ್ಣದ ಕೊಕ್ಕರೆ!

"ಲೋ, ತೊಟ್ಟಿಲಲ್ಲಿ ಕೊಕ್ಕರೆ ಮಲಗಿದೆಯಲ್ಲೋ" ಅಂದಳು ಅಕ್ಕ. ಮೊದಲು ಇಬ್ಬರೂ ನಕ್ಕೆವು. ಮುಂದಿನ ನಲವತ್ತು ಫೋಟೋನೂ ಕೊಕ್ಕರೆಯೇ ಅಂತ ಗೊತ್ತಾದ ಮೇಲೆ ನಗು ನಿಂತಿತು.

ಆಗಿದ್ದಿಷ್ಟು. ಕ್ಯಾಮೆರಾ 0001ರಿಂದ 9999ರವರೆಗೆ ಮಾತ್ರ ಎಣಿಸುತ್ತದೆ. ಅದು ಮುಗಿದರೆ 100ಕ್ಯಾನನ್ ಬದಲು 101ಕ್ಯಾನನ್ ಅಂತ ಹೊಸ ಫೋಲ್ಡರ್ ಮಾಡಿ, ಮತ್ತೆ 0001ರಿಂದ ಶುರು. ನನ್ನ ಮೊದಲ ಸುತ್ತು 2021ರಲ್ಲೇ ಮುಗಿದಿತ್ತು. 2022ರ ಫೆಬ್ರವರಿಯಲ್ಲಿ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದಾಗ ನಂಬರು ತಿರುಗಿ 2400ರ ಆಸುಪಾಸಿಗೆ ಬಂದಿತ್ತು. ಕಾಪಿ ಮಾಡುವಾಗ ಕಂಪ್ಯೂಟರ್ ಕೇಳಿಯೇ ಕೇಳಿತ್ತು, ಇದೇ ಹೆಸರಿನ ಫೈಲ್ ಇದೆ, ರೀಪ್ಲೇಸ್ ಮಾಡಲೇ ಅಂತ. ನಿದ್ದೆಗಣ್ಣಲ್ಲಿ ಒತ್ತಿದವನು ನಾನು. ಕ್ಯಾಮೆರಾ ಮೇಲೆ ತಪ್ಪು ಹೊರಿಸಲ್ಲ. ಅದು 101 ಅಂತ ಬರೆದೇ ಕೊಟ್ಟಿತ್ತು, ನಾನು ಫೋಲ್ಡರ್ ಬಿಟ್ಟು ಒಳಗಿನ ಫೈಲ್ ಮಾತ್ರ ಎತ್ತಿಕೊಂಡಿದ್ದೆ.

ಇದು ಕ್ಯಾನನ್ ಒಂದರದೇ ಕಥೆಯೂ ಅಲ್ಲ. 1998ರಲ್ಲಿ ಜಪಾನಿನ ಉದ್ಯಮ ಸಂಘ ಡಿಸಿಎಫ್ ಅನ್ನುವ ನಿಯಮ ತಂದಿತು. ಒಂದು ಕಂಪನಿಯ ಕ್ಯಾಮೆರಾದ ಕಾರ್ಡನ್ನು ಇನ್ನೊಂದು ಕಂಪನಿಯ ಕ್ಯಾಮೆರಾನೂ ಓದಬೇಕು ಅನ್ನುವುದು ಅದರ ಉದ್ದೇಶ. ಅದಕ್ಕೇ ಯಾವ ಕ್ಯಾಮೆರಾ ತೆಗೆದುಕೊಂಡರೂ ಕಾರ್ಡಿನಲ್ಲಿ ಡಿಸಿಐಎಂ ಅನ್ನುವ ಫೋಲ್ಡರ್ ಇರುತ್ತದೆ. ಅದರೊಳಗೆ 100ರಿಂದ 999ರವರೆಗಿನ ನಂಬರಿನ ಫೋಲ್ಡರುಗಳು. ಫೈಲ್ ಹೆಸರಿಗೆ ಎಂಟೇ ಅಕ್ಷರ, ವಿಂಡೋಸ್‌ಗೂ ಮುಂಚಿನ ಹಳೇ ಡಾಸ್ ಕಂಪ್ಯೂಟರುಗಳ ಕಾಲದ ಲೆಕ್ಕ. ನಾಲ್ಕು ಅಕ್ಷರ ಕಂಪನಿಗೆ, ನಾಲ್ಕು ಅಂಕಿ ಎಣಿಕೆಗೆ. ತಾರೀಖು ಹಿಡಿಸಲು ಜಾಗ ಎಲ್ಲಿದೆ? ಆದರೆ ಒಲಿಂಪಸ್ ಜಾಣತನ ಮಾಡಿ ಆ ಮೊದಲ ನಾಲ್ಕು ಅಕ್ಷರದೊಳಗೇ ತಿಂಗಳು, ದಿನ ತೂರಿಸಿತು. ಅಕ್ಟೋಬರ್, ನವೆಂಬರ್, ಡಿಸೆಂಬರಿಗೆ ಎ, ಬಿ, ಸಿ! ನನಗೆ ಬಹಳ ಇಷ್ಟವಾದ ಉಪಾಯ, ವರ್ಷ ಇಲ್ಲದಿದ್ದರೂ.

1500ಡಿಯಲ್ಲಿ ಗೊತ್ತಿರಬೇಕಾದ ಸೆಟ್ಟಿಂಗ್ ಒಂದೇ, ಸೆಟಪ್ ಮೆನುವಿನ 'ಫೈಲ್ ನಂಬರಿಂಗ್'. 'ಕಂಟಿನ್ಯುಯಸ್' ಇಟ್ಟರೆ ಕಾರ್ಡ್ ಬದಲಿಸಿದರೂ ಎಣಿಕೆ ಮುಂದುವರಿಯುತ್ತದೆ. 'ಆಟೋ ರೀಸೆಟ್' ಇಟ್ಟರೆ ಪ್ರತಿ ಹೊಸ ಕಾರ್ಡಿಗೂ 0001. ಆಟೋ ರೀಸೆಟ್ ಮುಟ್ಟಲೇಬೇಡಿ, ನನಗೆ ಮೂರು ವರ್ಷಕ್ಕೆ ಆದದ್ದು ನಿಮಗೆ ಮೂರೇ ವಾರಕ್ಕೆ ಆಗುತ್ತದೆ. ಕಂಟಿನ್ಯುಯಸ್‌ನಲ್ಲೂ ಒಂದು ತಮಾಷೆ ಇದೆ. ಗೆಳೆಯನ ಕಾರ್ಡ್ ಹಾಗೇ ಹಾಕಿದೆ, ಅದರಲ್ಲಿ ಅವನ ಕ್ಯಾನನ್‌ನ 7800 ಚಿಲ್ಲರೆ ನಂಬರಿನ ಫೋಟೋ ಇದ್ದವು. ನನ್ನ ಎಣಿಕೆ ಅಲ್ಲಿಗೇ ಹಾರಿತು. ಬೇರೆಯವರ ಕಾರ್ಡ್ ಆದರೆ ಅವರನ್ನು ಕೇಳಿ, ಫಾರ್ಮ್ಯಾಟ್ ಮಾಡಿಯೇ ಬಳಸಿ. ಇನ್ನೊಂದು: ಹೆಸರು ಇದ್ದಕ್ಕಿದ್ದಂತೆ ಅಂಡರ್‌ಸ್ಕೋರಿನಿಂದ ಶುರುವಾಗಿ _ಎಂಜಿ_ ಅಂತ ಬಂದರೆ ಗಾಬರಿ ಬೇಡ. ಕಲರ್ ಸ್ಪೇಸ್ (ಬಣ್ಣಗಳ ವ್ಯಾಪ್ತಿಯ ಸೆಟ್ಟಿಂಗ್) ಅಡೋಬಿ ಆರ್‌ಜಿಬಿಗೆ ಹೋಗಿದೆ, ಅಷ್ಟೇ.

ಈಗ ನಾನು ಎಕ್ಸಿಫ್‌ಟೂಲ್ ಅನ್ನುವ ಉಚಿತ ಸಾಫ್ಟ್‌ವೇರಿನಿಂದ ಎಲ್ಲ ಫೈಲಿನ ಹೆಸರೂ ಬದಲಿಸುತ್ತೇನೆ. ಫೋಟೋದ ಒಳಗೇ ಬರೆದಿರುವ ತಾರೀಖು, ಸಮಯ ತೆಗೆದು ಹೆಸರಿನ ಮುಂದೆ ಅಂಟಿಸುತ್ತದೆ: 20220213_071542_ಐಎಂಜಿ_2417. ಹಳೇ ನಂಬರನ್ನು ಬೇಕಂತಲೇ ಉಳಿಸಿಕೊಂಡಿದ್ದೇನೆ. ಒಂದೇ ಫೋಟೋದ ರಾ ಫೈಲಿಗೂ (ಸಂಸ್ಕರಿಸದ ಮೂಲ ಫೈಲ್) ಜೆಪೆಗ್‌ಗೂ (ಮಾಮೂಲಿ ಫೋಟೋ ಫೈಲ್) ಒಂದೇ ನಂಬರ್ ಇರುವುದರಿಂದ ಜೋಡಿ ತಪ್ಪುವುದಿಲ್ಲ.

ಆದರೆ ಕ್ಯಾಮೆರಾದ ಗಡಿಯಾರ ಸರಿ ಇದ್ದರೆ ಮಾತ್ರ ಈ ಕಸರತ್ತಿಗೆ ಬೆಲೆ. ಚಿಕ್ಕಪ್ಪನ ಮಗನ ಮದುವೆಯಲ್ಲಿ ನನ್ನ ಫೋಟೋ, ಗೆಳೆಯನ ಸೋನಿ ಕ್ಯಾಮೆರಾದ ಫೋಟೋ ಎರಡೂ ಸೇರಿಸಿ ಸಮಯದ ಪ್ರಕಾರ ಜೋಡಿಸಿದೆ. ನನ್ನ ಗಡಿಯಾರ ಒಂದು ಗಂಟೆ ಹಿಂದೆ ಇತ್ತು. ಮದುಮಕ್ಕಳು ಮೊದಲು ಪಂಕ್ತಿಯಲ್ಲಿ ಹೋಳಿಗೆ ತಿಂದರು, ಆಮೇಲೆ ತಾಳಿ ಕಟ್ಟಿದರು. ಈಗ ಯಾವ ಸಮಾರಂಭಕ್ಕೆ ಹೋದರೂ ಮೊದಲು ಫೋನ್ ನೋಡಿ ಗಡಿಯಾರ ಸರಿಮಾಡುತ್ತೇನೆ.

ಕ್ಯಾಮೆರಾಗೆ ಐದಕ್ಕೆ ನಾಲ್ಕು ಸ್ಟಾರ್. ಬೇರೆ ಕಂಪನಿಯದಾಗಿದ್ದರೂ ಈ ವಿಷಯಕ್ಕೆ ಒಂದು ಸ್ಟಾರ್ ಕಳೆಯುತ್ತಿದ್ದೆ.

ತೊಟ್ಟಿಲ ಫೋಟೋ? ನಾಮಕರಣದ ದಿನವೇ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹನ್ನೊಂದು ಕಳಿಸಿದ್ದೆ. ಅಕ್ಕನ ಹಳೇ ಫೋನಿನಲ್ಲಿ ಸಿಕ್ಕವು. ಕುಗ್ಗಿ ಸಣ್ಣದಾಗಿದ್ದವು, ಆಲ್ಬಮ್ಮಿನಲ್ಲಿ ಪುಟ ತುಂಬ ಹಾಕಲು ಆಗಲಿಲ್ಲ, ಒಂದು ಪುಟಕ್ಕೆ ನಾಲ್ಕರಂತೆ ಹಾಕಿಸಿದೆವು. ಆದರೆ ಅವುಗಳ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಎಲ್ಲ ಸರಿಯಾಗಿತ್ತು.