‘ಕಂಪ್ನಿ ಮುಚ್ಚೋಯ್ತು’ ಅಂದ ಬ್ರೋಕರ್, ಕಾರು ಕೊಟ್ಟು ಕೂತ ನಾವು

ಹಳೇ ಕಾರು ಮಾರಲು ಹೊರಟಿದ್ದೀರಾ? ಅದರಲ್ಲೂ ಈಗ ಶೋರೂಮಿನಲ್ಲಿ ಸಿಗದ ಹೆಸರಿನ ಕಾರಾ? ಹಾಗಾದರೆ ಬ್ರೋಕರನ್ನು ಕರೆಯುವ ಮುಂಚೆ ನಮ್ಮ ಮನೆ ಕಥೆ ಕೇಳಿ. ನಮಗೆ ಇದು 85 ಸಾವಿರದ ಪಾಠ. ನಿಮಗೆ ಪುಕ್ಕಟೆ.

ನಮ್ಮದು ದಟ್ಸನ್ ರೆಡಿ-ಗೋ, 800 ಸಿಸಿಯದು. 2017ರಲ್ಲಿ ಕಬ್ಬಿನ ದುಡ್ಡು ಕೈಗೆ ಬಂದಾಗ ಅಪ್ಪ ತಗೊಂಡಿದ್ದರು. ಕೆಎ-11 ನಂಬರು, ಒಂದೇ ಕೈ. ಮಂಡ್ಯದಿಂದ ಮೈಸೂರು, ನೆಂಟರ ಮದುವೆ, ಆಸ್ಪತ್ರೆ, ಇಷ್ಟೇ ಅದರ ಓಡಾಟ. ಕಣ್ಣಿನ ಆಪರೇಷನ್ ಆದಮೇಲೆ ಅಪ್ಪ ‘ಇನ್ನು ನನ್ನ ಕೈಲಾಗಲ್ಲ, ಕೊಟ್ಟುಬಿಡೋಣ’ ಅಂದರು.

ಬ್ರೋಕರ್ ಮನೆಗೇ ಬಂದ. ಬಾನೆಟ್ ಎತ್ತಲಿಲ್ಲ, ಸ್ಟಾರ್ಟ್ ಕೂಡ ಮಾಡಲಿಲ್ಲ. ಮುಂದಿನ ಲೋಗೋ ನೋಡಿ ಲೊಚಗುಟ್ಟಿದ.

“ಯಜಮಾನ್ರೇ, ಈ ಕಂಪ್ನಿನೇ ಬಾಗ್ಲು ಹಾಕ್ಕೊಂಡೋಯ್ತು. ನಾಳೆ ಕ್ಲಚ್ ಹೋದ್ರೆ ಪ್ಲೇಟ್ ಎಲ್ಲಿಂದ ತರ್ತೀರಾ? ಗುಜರಿಗೆ ಹಾಕೋ ಬದ್ಲು ನಂಗೆ ಕೊಟ್ಬುಡಿ.”

ಅಪ್ಪ ಕೇಳಿದ್ದು ಎರಡು ಲಕ್ಷ. ಅವನು ಎಂಬತ್ತು ಸಾವಿರದಿಂದ ಶುರು ಮಾಡಿ 1 ಲಕ್ಷ 15 ಸಾವಿರಕ್ಕೆ ಬಂದು ನಿಂತ. ನಾನೂ ಪಕ್ಕದಲ್ಲೇ ಇದ್ದೆ, ತಪ್ಪು ನನ್ನದೂ ಇದೆ. ಫೋನಿನಲ್ಲಿ ಹುಡುಕಿದಾಗ ದಟ್ಸನ್ ನಿಂತಿದೆ ಅನ್ನುವ ಸುದ್ದಿ ಸಿಕ್ಕಿತು. ತಲೆಬರಹ ಓದಿ ಫೋನ್ ಜೇಬಿಗಿಟ್ಟೆ. ಅದರ ಕೆಳಗಿನ ನಾಲ್ಕು ಸಾಲು ಓದುವ ತಾಳ್ಮೆ ಇರಲಿಲ್ಲ.

ಎರಡು ತಿಂಗಳಾದ ಮೇಲೆ ಶ್ರೀರಂಗಪಟ್ಟಣದ ಕಡೆಯಿಂದ ಒಬ್ಬರು ಫೋನ್ ಮಾಡಿದರು. “ಸಾರ್, ಆರ್‌ಸಿ ಇನ್ನೂ ನಿಮ್ಮ ತಂದೆ ಹೆಸರಲ್ಲೇ ಇದೆ. ಎರಡನೇ ಕೀ ನಿಮ್ಮತ್ರ ಇರಬಹುದಾ?” ಎಷ್ಟಕ್ಕೆ ತಗೊಂಡ್ರಿ ಅಂದೆ. ಸರಿಯಾಗಿ ಎರಡು ಲಕ್ಷ. ಕಂಪನಿ ಇಲ್ಲ ಅಂತ ಹೇಳಲಿಲ್ವಾ ಅಂದೆ. ಅವರು ನಕ್ಕರು. “ನಿಸ್ಸಾನ್ ಗಾಡಿ ಸಾರ್ ಇದು, ಹೆಸರಷ್ಟೇ ಬೇರೆ. ನಿಸ್ಸಾನ್ ಸರ್ವಿಸ್‌ಗೆ ಬಿಟ್ರಾಯ್ತು ಅಂದ್ರು.”

ಅದೇ ಬ್ರೋಕರ್. ಕೊಳ್ಳುವಾಗ ಒಂದು ಮಾತು, ಮಾರುವಾಗ ಇನ್ನೊಂದು. ಹೊಟ್ಟೆ ಉರಿದಿದ್ದು ಯಾಕೆ ಅಂದರೆ, ಅವರಿಗೆ ಹೇಳಿದ್ದೇ ನಿಜ.

ದಟ್ಸನ್ ಅನ್ನುವುದು ಬೇರೆ ಕಂಪನಿ ಅಲ್ಲ, ನಿಸ್ಸಾನ್ ಕಂಪನಿಯ ಇನ್ನೊಂದು ಹೆಸರು. ಕಡಿಮೆ ಬೆಲೆಯ ಕಾರುಗಳಿಗೆ ಅಂತ ಇಟ್ಟುಕೊಂಡಿದ್ದು. ಕಾರು ತಯಾರಾಗುತ್ತಿದ್ದದ್ದು ಚೆನ್ನೈ ಹತ್ತಿರದ ಒರಗಡಂನಲ್ಲಿ, ರೆನೋ ಮತ್ತು ನಿಸ್ಸಾನ್ ಕೂಡಿ ಕಟ್ಟಿದ ಕಾರ್ಖಾನೆಯಲ್ಲಿ. ರೆಡಿ-ಗೋ ಒಳಗಿನ 800 ಸಿಸಿ ಎಂಜಿನ್ ರೆನೋ ಕ್ವಿಡ್‌ನಲ್ಲೂ ಇತ್ತು. 2022ರಲ್ಲಿ ನಿಂತಿದ್ದು ಆ ಹೆಸರಿನ ಕಾರು ತಯಾರಿಸುವುದು ಮಾತ್ರ. ಸರ್ವಿಸ್, ಪಾರ್ಟ್ಸ್, ವಾರಂಟಿ ಮುಂದುವರಿಯುತ್ತದೆ ಅಂತ ನಿಸ್ಸಾನ್ ಆಗಲೇ ಹೇಳಿತ್ತು. ನಾನು ಓದದೆ ಬಿಟ್ಟ ಸಾಲುಗಳು ಅವೇ.

ಈ ಹೆಸರು ಹೀಗೆ ಮಲಗಿದ್ದು ಮೊದಲ ಸಲವೂ ಅಲ್ಲ. 1980ರ ದಶಕದಲ್ಲಿ ನಿಸ್ಸಾನ್ ಅದನ್ನು ಒಮ್ಮೆ ಕೈಬಿಟ್ಟಿತ್ತು. ಆಮೇಲೆ ಮತ್ತೆ ಎಬ್ಬಿಸಿ 2014ರಲ್ಲಿ ನಮ್ಮಲ್ಲಿ ‘ಗೋ’ ಕಾರು ತಂದಿತು. ಬೋರ್ಡು ಇಳಿಸಿದರು, ಹತ್ತಿಸಿದರು, ಮತ್ತೆ ಇಳಿಸಿದರು. ಅಂಗಡಿ ಯಜಮಾನ ಅವನೇ.

ಷೆವರ್ಲೆ ಕಥೆ ಬೇರೆ. ಅಲ್ಲಿ ತಾಯಿ ಕಂಪನಿ ಜನರಲ್ ಮೋಟಾರ್ಸೇ 2017ರ ಕೊನೆಗೆ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಬ್ರೋಕರ್‌ಗಳು ಈ ಎರಡನ್ನೂ ಬೇಕಂತಲೇ ಕಲಸಿ ಹೇಳುತ್ತಾರೆ. ಶೋರೂಮ್ ಬೋರ್ಡಿನಲ್ಲಿ ನೆಕ್ಸಾ ಅಂತ ಇದೆ ಅಂದ ಮಾತ್ರಕ್ಕೆ ಬಲೆನೋ ಮಾರುತಿ ಕಾರಲ್ಲ ಅಂದರೆ ಒಪ್ಪುತ್ತೀರಾ?

ಒಂದು ಮಾತು ಒಪ್ಪಬೇಕು. ಹೆಸರು ನಿಂತರೆ ರೇಟ್ ಸ್ವಲ್ಪ ಬೀಳುತ್ತದೆ. ಬಂಪರ್, ಹೆಡ್‌ಲೈಟ್ ತರಹದ್ದು ಆ ಮಾಡೆಲ್‌ಗೆ ಮಾತ್ರ ಹೊಂದುವುದು, ಮುಂದೆ ಕಾಯಬೇಕಾಗಬಹುದು ಅನ್ನುವ ಭಯ ಜನರಿಗೆ ಇರುತ್ತದೆ. ಆದರೆ ಅದಕ್ಕೆ ಗುಜರಿ ರೇಟಾ?

ನಾವು ಮಾಡದ್ದನ್ನು ನೀವು ಮಾಡಿ. ಆರ್‌ಸಿ ತೆಗೆದು ತಯಾರಕರ ಹೆಸರು ಏನಿದೆ ನೋಡಿ. ನಮ್ಮದರಲ್ಲಿ ನಿಸ್ಸಾನ್ ಅಂತಲೇ ಇತ್ತು, ಇಷ್ಟು ವರ್ಷ ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ಆ ಕಂಪನಿಯ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ಕ್ಲಚ್ ಪ್ಲೇಟ್ ಸಿಗುತ್ತಾ, ಎಷ್ಟು ದಿನ, ಎಷ್ಟು ದುಡ್ಡು ಅಂತ ಕೇಳಿ. ಆ ಉತ್ತರ ಕೈಯಲ್ಲಿಟ್ಟುಕೊಂಡು ಕನಿಷ್ಠ ಮೂರು ಜನರ ಹತ್ತಿರ ರೇಟ್ ಕೇಳಿ.

ಇನ್ನೊಂದು. ಅಪ್ಪ ಖಾಲಿ ಫಾರಂ 29, 30ಕ್ಕೆ, ಅಂದರೆ ಗಾಡಿಯನ್ನು ಕೊಂಡವರ ಹೆಸರಿಗೆ ಬದಲಾಯಿಸುವ ಆರ್‌ಟಿಒ ಫಾರಂಗಳಿಗೆ, ಸಹಿ ಹಾಕಿ ಕೊಟ್ಟಿದ್ದರು. ಆ ಎರಡು ತಿಂಗಳಲ್ಲಿ ಕಾರು ಯಾರಿಗಾದರೂ ಗುದ್ದಿದ್ದರೆ ಕೋರ್ಟಿನ ಕಾಗದ ಬರುತ್ತಿದ್ದದ್ದು ನಮ್ಮ ಮನೆಗೆ. ಕೊಳ್ಳುವವರ ಹೆಸರು, ತಾರೀಖು ತುಂಬದೆ ಸಹಿ ಹಾಕಬೇಡಿ. ಆರ್‌ಸಿ ಹೆಸರು ಬದಲಾಗುವ ತನಕ ಬೆನ್ನು ಬಿಡಬೇಡಿ.

ಬ್ರೋಕರ್‌ಗೆ ಫೋನ್ ಮಾಡಿ ಜಗಳ ಆಡಿದೆ. “ಯಾವಾರ ಅಂದ್ಮೇಲೆ ಇದ್ದಿದ್ದೇ ಬುಡಿ ಸಾರ್” ಅಂದು ಇಟ್ಟ.

ಶ್ರೀರಂಗಪಟ್ಟಣದವರು ಭಾನುವಾರ ಕೀ ತಗೊಳ್ಳಲು ಅದೇ ಕಾರಿನಲ್ಲಿ ಬಂದರು. ಕಾಫಿ ಕೊಟ್ಟೆವು. ಅಪ್ಪ ಮೊದಲು ಕೇಳಿದ್ದೇ ಒಂದು, “ಪಾರ್ಟ್ಸ್ ಸಿಗ್ತವಾ?” ಬ್ರೇಕ್ ಪ್ಯಾಡ್ ಹಾಕಿಸಿದೆ, ಎರಡು ದಿನಕ್ಕೆ ಬಂತು ಅಂದರು ಅವರು. ಅಪ್ಪ ಮತ್ತೇನೂ ಕೇಳಲಿಲ್ಲ. ಕೀ ಗೊಂಚಲಿನಿಂದ ಚಾಮುಂಡಿ ಬಿಲ್ಲೆ ಬಿಚ್ಚಿ ಜೇಬಿಗೆ ಹಾಕಿಕೊಂಡು, ಬರೀ ಕೀ ಮಾತ್ರ ಅವರ ಕೈಗಿಟ್ಟರು.